ಮರದ ಚರ್ಚಿನ ಪಕ್ಕದ ಬಾಗಿಲು

ಸ್ವಲ್ಪ ಹತ್ತಿರ ಬನ್ನಿ, ಆ ಬಾಗಿಲು ಮುಂದೆ ಮಾಡಿ. ಈ ವಿಷಯ ನಿಮ್ಮ ಕಿವಿ ದಾಟಿ ಆಚೆ ಹೋಗಬಾರದು. ಹೋಯಿತೋ, ನಾನು ಹೇಳೇ ಇಲ್ಲ ಅಂದುಬಿಡುತ್ತೇನೆ. ನಾನು ಯಾರ ತಂಟೆಗೂ ಹೋಗುವವಳಲ್ಲ. ಆದರೂ ಕಾಲಿಗೆ ಚಪ್ಪಲಿ ಮೆಟ್ಟಿದೆನೋ ಇಲ್ಲವೋ, ಏನಾದರೂ ಒಂದು ನಡೆದೇ ಹೋಗುತ್ತದೆ.

ಏನು ಮಾಡಲಿ, ಒಂದು ಕಡೆ ಕೂತು ನನಗೆ ಗೊತ್ತಿಲ್ಲ. ಮಗಳು, ಅಳಿಯ ಬೆಳಿಗ್ಗೆ ಟ್ರೈನ್ ಹಿಡಿದು ನ್ಯೂಯಾರ್ಕಿಗೆ ಹೋದರೆ ಮನೆಯಲ್ಲಿ ಫ್ರಿಜ್ಜು ಗುಂಯ್ ಅನ್ನುವುದು ಬಿಟ್ಟರೆ ಮಾತಿಲ್ಲ. ಹತ್ತು ನಿಮಿಷಕ್ಕೆ ಅಂಗಾಲು ತುರಿಸಲು ಶುರು. ಹೊರಟೆ. ನಾವಿರುವ ನ್ಯೂಜೆರ್ಸಿಯ ಈ ಬೀದಿಗಳು ಹಳೆಯವು. ಲಿಥುವೇನಿಯಾ ಅಂತ ಒಂದು ದೇಶವಂತೆ. ಯಾವಾಗಲೋ ಫ್ಯಾಕ್ಟರಿ ಕೆಲಸಕ್ಕೆ ಬಂದ ಅಲ್ಲಿಯ ಜನ ತಮ್ಮೂರನ್ನೇ ಎತ್ತಿ ತಂದು ಇಟ್ಟ ಹಾಗೆ ಕಟ್ಟಿಕೊಂಡಿದ್ದಾರೆ. ಮರದ ಮನೆ, ಮರದ ಚರ್ಚು, ಕಿಟಕಿ ಸುತ್ತ ಸೀರೆಯಂಚಿನಂಥ ಕೆತ್ತನೆ. ಎಷ್ಟು ಸಲ ಸುತ್ತಿದರೂ ನನಗೆ ಸಾಲದು.

ಗೋಡೆ ಬಡಿದದ್ದು

ಈಗ ಅರ್ಧ ಜನ ಮರದ ಮೇಲೆ ಪ್ಲಾಸ್ಟಿಕ್ ಹಲಗೆ ಹೊಡೆಸಿಬಿಟ್ಟಿದ್ದಾರೆ. ದೂರದಿಂದ ಎರಡೂ ಒಂದೇ ಥರ. ತಿಳಿದುಕೊಳ್ಳದೆ ನನಗೆ ಸಮಾಧಾನ ಇಲ್ಲ. ತೆಂಗಿನಕಾಯಿ ಕೊಳ್ಳುವಾಗ ಬಡಿದು ನೋಡುತ್ತೇವಲ್ಲ, ಹಾಗೆ ಒಂದು ಮನೆಯ ಗೋಡೆಗೆ ಟಕ್ ಟಕ್ ಅಂತ ಬಡಿದು ಕಿವಿಯಿಟ್ಟೆ. ಒಳಗಿಂದಲೂ ಟಕ್ ಟಕ್! ಎರಡಡಿ ಸರಿದು ಮತ್ತೆ ಬಡಿದೆ. ಮತ್ತೆ ಟಕ್ ಟಕ್. ಕಡೆಗೆ ಕಿಟಕಿ ತೆರೆದು, ಟವೆಲ್ ಸುತ್ತಿಕೊಂಡ ಗಂಡಸೊಬ್ಬ ಕೂಗಿಕೊಂಡ ನೋಡಿ! ಅದು ಬಚ್ಚಲಮನೆಯಂತೆ. ಬೇಗ ಬಾ ಅಂತ ಹೆಂಡತಿ ಬಡಿಯುತ್ತಿದ್ದಾಳೆ ಅಂದುಕೊಂಡಿದ್ದನಂತೆ.

ಮಗಳಿಗೆ ಕಂಪ್ಲೇಂಟ್ ಹೋಯಿತು. "ಅಮ್ಮಾ, ಬೇರೆಯವರ ಪ್ರಾಪರ್ಟಿ ಮುಟ್ಟಬಾರದು! ಇನ್ನೆರಡು ಕಂಪ್ಲೇಂಟ್ ಬಂದರೆ ವಾಕಿಂಗ್ ಬಂದ್. ಬೇಸ್‌ಮೆಂಟಲ್ಲಿ ಟ್ರೆಡ್‌ಮಿಲ್ ಇದೆ, ಅದರ ಮೇಲೆ ನಡಿ" ಅಂದಳು. ಯಾರ ಮನೆ ಮುಂದೆ ಯಾರ ಕಾರು ನಿಂತಿದೆ ಅಂತ ಟ್ರೆಡ್‌ಮಿಲ್ ಹೇಳುತ್ತದೆಯೇ?

"ಮರ ಹೌದೋ ಅಲ್ಲವೋ ಅಂತ ನೋಡಿದೆ ಕಣೇ, ತಪ್ಪೇನು?"

"ನೋಡಿ ಏನು ಗೊತ್ತಾಯ್ತು?"

"ಗೋಡೆ ಪೂರ್ತಿ ಅಸಲಿ. ಆ ಮನುಷ್ಯನ ತಲೆಗೂದಲು ಮಾತ್ರ ನಕಲಿ."

ಚಪ್ಪಲಿ ಬಿಟ್ಟದ್ದು

ಚರ್ಚಿನ ಒಳಗೆ ಹೋದರೆ ಅಜ್ಜಿಯ ಪೆಟ್ಟಿಗೆ ತೆರೆದ ಹಾಗೆ ಹಳೇ ಮರದ ವಾಸನೆ. ದೇವರಿರುವ ಜಾಗಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೋಗಲು ನನಗೇನು ತಲೆ ಕೆಟ್ಟಿದೆಯೇ? ಬಾಗಿಲ ಬಳಿ ಒಂದು ದೊಡ್ಡ ಕಬ್ಬಿಣದ ಡಬ್ಬ ಇತ್ತು, ಅದರ ಪಕ್ಕ ಬಿಟ್ಟು ಹೋದೆ. ತೊಲೆ, ಕಂಬ ಎಲ್ಲ ನೋಡಿ, ಮೂರು ಸುತ್ತು ಪ್ರದಕ್ಷಿಣೆ ಹಾಕಿ ಬಂದರೆ ಚಪ್ಪಲಿ ಮಾಯ! ಕಾಲುಚೀಲದಲ್ಲೇ ಮನೆಗೆ ನಡೆದೆ. ನೋಡಿದವರೆಲ್ಲ ಕಾರು ನಿಲ್ಲಿಸಿ "ಆರ್ ಯೂ ಓಕೆ?" ಅನ್ನುವವರೇ.

ಮಗಳು ಚರ್ಚಿಗೆ ಫೋನ್ ಮಾಡಿದಾಗ ಗೊತ್ತಾಯಿತು. ಬಡವರಿಗೆ ಹಳೇ ಬಟ್ಟೆ, ಚಪ್ಪಲಿ ಹಾಕುವ ಡಬ್ಬವಂತೆ ಅದು. ಯಾರೋ ಪುಣ್ಯಾತ್ಮರು ಎತ್ತಿ ಒಳಗೆ ಹಾಕಿದ್ದರು, ಗಾಡಿ ಬಂದು ಸಾಗಿಸಿಯೂ ಆಗಿತ್ತು. ಕಳೆದುಕೊಂಡವಳು ನಾನು, ಮಗಳ ಲೆಕ್ಕದಲ್ಲಿ ಎರಡನೇ ಕಂಪ್ಲೇಂಟೂ ನನ್ನದೇ! ವಾರದ ಮೇಲೆ ಚರ್ಚಿನಿಂದ ಥ್ಯಾಂಕ್ಯೂ ಕಾರ್ಡು ಬಂತು. ಮಗಳು ಓದಿ ಹೇಳಿದಳು: ನಿಮ್ಮ ದೊಡ್ಡ ಮನಸ್ಸಿಗೆ ವಂದನೆ, ಆದರೆ ಮುಂದಿನ ಸಲ ಇಷ್ಟು ಸವೆಯದ ಚಪ್ಪಲಿ ಕೊಟ್ಟರೆ ಉಪಕಾರ.

ಇದೇ ನೋಡಿ ನಿಜವಾದ ವಿಷಯ

ನಮ್ಮ ಪಕ್ಕದ ಮನೆಯಾಕೆ ಲಿಥುವೇನಿಯಾದವಳು. ಗಂಡ ಹೋಗಿ ಹತ್ತು ವರ್ಷದ ಮೇಲಾಯಿತು, ವಯಸ್ಸು ಎಪ್ಪತ್ತು ದಾಟಿದೆ, ತುಟಿಗೆ ಕೆಂಪು ತಪ್ಪಿಲ್ಲ. ವಾರಕ್ಕೆ ಮೂರು ಮಧ್ಯಾಹ್ನ ಆಕೆ ಚರ್ಚಿನ ಪಕ್ಕದ ಬಾಗಿಲಿಂದ ಒಳಗೆ ಹೋಗುತ್ತಾಳೆ. ಹಿಂದೆಯೇ ಒಬ್ಬ ಮುದುಕ ಬಡಗಿ, ಹೆಂಡತಿ ಇಲ್ಲದವನು. ಒಂದು ಗಂಟೆ ಬಿಟ್ಟು ಬರುವಾಗ ಅವಳ ಕೂದಲು ಕೆದರಿ, ಮುಖ ಕೆಂಪಗೆ! ಬೇರೆಯವರಾದರೆ ಡಂಗುರ ಸಾರುತ್ತಿದ್ದರು. ನಾನು ಎರಡು ಬೀದಿ ಆಚೆಯ ನಮ್ಮ ಮೈಸೂರಿನ ಗೆಳತಿ ಒಬ್ಬಳಿಗೇ ಹೇಳಿದೆ.

ಆಮೇಲೆ ತಡೆಯಲಾರದೆ ಒಂದು ದಿನ ಹೂಕುಂಡ ಮಗುಚಿ, ಮೇಲೆ ಹತ್ತಿ ಕಿಟಕಿಯಲ್ಲಿ ಇಣುಕಿದೆ. ಬಡಗಿ ಏಣಿ ಮೇಲೆ ನಿಂತು ಗೆದ್ದಲು ತಿಂದ ತೊಲೆ ಉಜ್ಜುತ್ತಿದ್ದ. ಇವಳು ಏಣಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ಮೇಲೆ ನೋಡುತ್ತಿದ್ದಳು. ಉದುರಿದ ಮರದ ಪುಡಿಯೆಲ್ಲ ಅವಳ ತಲೆ ಮೇಲೆ. ಅಷ್ಟೇ! ನನಗಂತೂ ಸಪ್ಪೆ ಆಗಿಹೋಯಿತು. ಅಷ್ಟರಲ್ಲಿ ಅವಳು ತಿರುಗಿದಳು, ಕುಂಡ ಒಡೆಯಿತು, ನಾನು ಓಡಿದೆ.

ಶನಿವಾರ ಆಕೆ ನಮ್ಮ ಬಾಗಿಲು ತಟ್ಟಿದಳು. ಮಗಳು ಮನೆಯಲ್ಲೇ ಇದ್ದಳು. ಮೂರನೇ ಕಂಪ್ಲೇಂಟ್! ಟ್ರೆಡ್‌ಮಿಲ್ಲಿನ ಸದ್ದು ಆಗಲೇ ಕಿವಿಯಲ್ಲಿ ಕೇಳಿದ ಹಾಗಾಯಿತು. ಆಕೆ ಹೇಳುತ್ತಾ ಹೋದಳು, ಮಗಳು ನನಗೆ ಕನ್ನಡದಲ್ಲಿ ಹೇಳುತ್ತಾ ಕೆಂಪಾದಳು.

ನನ್ನ ಗೆಳತಿ ಸೊಸೆಗೆ ಹೇಳಿದ್ದಳಂತೆ. ಸೊಸೆಗೆ ಹಲ್ಲು ಕ್ಲೀನ್ ಮಾಡುವ ಕೆಲಸ. ಆ ಬಡಗಿಯೇ ಬಂದು ಅವಳ ಕುರ್ಚಿಯಲ್ಲಿ ಮಲಗಬೇಕೇ? ಅವನ ಬಾಯೊಳಗೆ ಕೈಯಿಟ್ಟುಕೊಂಡೇ "ಕಂಗ್ರಾಚುಲೇಶನ್ಸ್, ಮದುವೆ ಯಾವಾಗ?" ಅಂದಳಂತೆ. ಇಲ್ಲ ಅನ್ನಲೂ ಅವನಿಗೆ ಬಾಯಿ ಖಾಲಿ ಇರಲಿಲ್ಲ.

ಮಗಳು "ಸಾರಿ, ವೆರಿ ಸಾರಿ, ಇನ್ನು ಅಮ್ಮನನ್ನು ಹೊರಗೇ ಬಿಡುವುದಿಲ್ಲ" ಅಂದಳು.

ಆಕೆ ಕೈ ಅಡ್ಡ ಹಿಡಿದಳು. ಮಗಳನ್ನು ಬಿಟ್ಟು ನನ್ನ ಹತ್ತಿರ ಬಂದು, ಮುಖಕ್ಕೆ ಮುಖ ಕೊಟ್ಟು ಅಂದದ್ದನ್ನು ಮಗಳು ಕನ್ನಡ ಮಾಡಿ ಹೇಳಿದಳು:

"ಮೂರು ವರ್ಷದಿಂದ ಆ ಮನುಷ್ಯನ ಏಣಿ ಹಿಡಿದೆ. ಒಂದು ಸಲವೂ ಕೆಳಗೆ ನೋಡಲಿಲ್ಲ. ನಿನ್ನ ಮಾತು ಕಿವಿಗೆ ಬಿದ್ದ ಮೇಲೆ ನಿನ್ನೆ ಗಡ್ಡ ಬೋಳಿಸಿ, ಇಸ್ತ್ರಿ ಷರಟು ಹಾಕಿಕೊಂಡು ಬಂದ. ಮನೆಯಲ್ಲಿ ಕೂತುಬಿಡಬೇಡ ಮಾರಾಯ್ತಿ, ಇನ್ನೊಂದು ಸುತ್ತು ಹೋಗಿ ಬಾ. ಅವನಿನ್ನೂ ಉಂಗುರ ತಂದಿಲ್ಲ."