ಬೋನಾಳ ಕೆರೆಯಲ್ಲಿ ಮರಿ ಮಾಡಿದ ನನ್ನ ಕೌದಿ

ಬೋನಾಳ ಕೆರೆಯ ಏರಿಯ ಮೇಲೆ, ಬೇವಿನ ಮರಕ್ಕಿಂತ ಎತ್ತರದ ಕಂಬದಲ್ಲಿ, ರೆಪ್ಪೆ ಬಡಿಯದೆ ಕುಳಿತಿರುವ ಹಕ್ಕಿ ಗುರುತಿಸುವ ಯಂತ್ರದ ಕಣ್ಣಿನವರ ಸನ್ನಿಧಾನಕ್ಕೆ,

ಮಾನ್ಯರೇ,

ಸುರಪುರ ತಾಲೂಕಿನ ಬೋನಾಳದಲ್ಲಿ ಹಳೆಯ ಸೀರೆ ಧೋತರಗಳನ್ನು ಕೂಡಿಸಿ ಕೌದಿ ಹೊಲಿದು ಹೊಟ್ಟೆ ಹೊರೆಯುವ ಗೊಲ್ಲಾಳಮ್ಮನೆಂಬ ನಾನು, ತಲೆ ಎತ್ತಿ, ಕುತ್ತಿಗೆ ನೋವಾಗುವಷ್ಟು ಎತ್ತಿ, ತಮಗೆ ಮಾಡುವ ಶರಣು ಶರಣಾರ್ಥಿಗಳು. ತಾವು ಕ್ಷೇಮವೇ ಎಂದು ಕೇಳುವುದು ಅಧಿಕಪ್ರಸಂಗವಾದೀತು. ಮಳೆಗೆ ತೋಯದಂತೆ ತಮಗೊಂದು ಟೋಪಿಯಿದೆ, ಊರಿಗೆಲ್ಲ ಕರೆಂಟು ಹೋದರೂ ತಮಗೆ ಮಾತ್ರ ಸೂರ್ಯದೇವನೇ ಕರೆಂಟು ಕೊಡುತ್ತಾನೆ, ಕಲ್ಲು ಹೊಡೆಯುವವರಿಂದ ತಮ್ಮನ್ನು ಕಾಯಲು ಅಂಬ್ರಪ್ಪನೆಂಬ ಕಾವಲುಗಾರನಿದ್ದಾನೆ. ಇಷ್ಟು ಆರೈಕೆ ನಮ್ಮೂರಲ್ಲಿ ಬಾಣಂತಿಗೂ ಸಿಕ್ಕಿಲ್ಲ.

ಹೋದ ವರ್ಷ ತಮ್ಮನ್ನು ಕಂಬಕ್ಕೇರಿಸಿದ ಸಂಶೋಧಕರು ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ನಮ್ಮನ್ನೆಲ್ಲ ಕೂರಿಸಿ ತಮ್ಮ ಮಹಿಮೆಯನ್ನು ವಿವರಿಸಿದ್ದರು. ಲಕ್ಷಾಂತರ ಹಕ್ಕಿಗಳ ಚಿತ್ರ ತೋರಿಸಿ ತೋರಿಸಿ ತಮಗೆ ವಿದ್ಯೆ ಕಲಿಸಿದ್ದಾರಂತೆ, ಕೆರೆಗೆ ಬಂದ ಹಕ್ಕಿ ಯಾವುದೆಂದು ತಾವೇ ನೋಡಿ ತಾವೇ ಹೆಸರು ಹೇಳುತ್ತೀರಂತೆ, ಆ ಹೆಸರು ಗಾಳಿಯಲ್ಲೇ ಅಂತರ್ಜಾಲಕ್ಕೆ ಹೋಗಿ, ಜಗತ್ತಿನ ಯಾವ ಮೂಲೆಯವರು ಬೋನಾಳದಲ್ಲಿ ಯಾವ ಹಕ್ಕಿ ಇದೆ ಎಂದು ಹುಡುಕಿದರೂ ಚಿಟಿಕೆ ಹೊಡೆಯುವುದರೊಳಗೆ ಉತ್ತರ ಸಿಗುತ್ತದಂತೆ. ನಾವು ಚಪ್ಪಾಳೆ ತಟ್ಟಿದೆವು, ಚಹಾ ಕುಡಿದೆವು, ಮನೆಗೆ ಬಂದೆವು. ತಮಗೆ ಒಂದೇ ಒಂದು ಕೌದಿಯ ಚಿತ್ರವನ್ನಾದರೂ ತೋರಿಸಿದ್ದಾರೆಯೇ ಎಂದು ಕೇಳುವ ಬುದ್ಧಿ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಅದು ನಮ್ಮದೇ ತಪ್ಪು, ಒಪ್ಪಿಕೊಳ್ಳುತ್ತೇನೆ.

ನಮ್ಮ ಕಡೆ ಮಹಾನವಮಿಗೆ ಘಟ ಕೂಡಿಸುವ ಮುಂಚೆ ಮನೆಯ ಹಾಸಿಗೆ ಹೊದಿಕೆಗಳೆಲ್ಲ ನೀರು ಕಾಣಬೇಕು, ಹೊಸ ಕೌದಿಯಾದರೂ ಒಮ್ಮೆ ಕೆರೆಯಲ್ಲಿ ಅದ್ದಿಯೇ ಹೊದೆಯಬೇಕು. ಇನ್ನೊಂದು ಪದ್ಧತಿಯೂ ಉಂಟು. ಕೌದಿ ಮುಗಿಸುವಾಗ ಕೊನೆಯ ಮೂಲೆಯೊಳಗೆ ಒಂದು ಚೂರು ಜೋಳದ ರೊಟ್ಟಿಯಿಟ್ಟು ಹೊಲಿಗೆ ಹಾಕುತ್ತೇವೆ. ಕೌದಿಯ ಹೊಟ್ಟೆ ತುಂಬಿರಬೇಕು, ಇಲ್ಲದಿದ್ದರೆ ಅದನ್ನು ಹೊದ್ದವರು ಹಸಿದು ಮಲಗುತ್ತಾರೆ ಎಂದು ನಮ್ಮವ್ವ ಹೇಳುತ್ತಿದ್ದಳು. ಹೋದ ವರ್ಷ ಪಕ್ಕದ ಮನೆಯ ದೇವಕಮ್ಮನಿಗಾಗಿ ಒಂದು ಕೌದಿ ಹೊಲಿದು, ಕೆರೆಯಲ್ಲಿ ಒಗೆದು, ದಂಡೆಯ ಜಾಲಿ ಕಂಟಿಯ ಮೇಲೆ ಹರವಿ ನಾನು ಬುತ್ತಿ ಬಿಚ್ಚಿ ಕುಳಿತಿದ್ದೆ. ಗಾಳಿಗೆ ಅದರ ಎರಡು ಅಂಚುಗಳೂ ಪಟಪಟನೆ ಎದ್ದವು. ನೆನೆದ ರೊಟ್ಟಿಯ ವಾಸನೆ ಹಿಡಿದು ನಮ್ಮೂರಿನ ಒಂದು ಮುದಿ ಕಾಗೆ ಬಂದು ಕೂತು ಮೂಲೆಯನ್ನು ಕುಕ್ಕತೊಡಗಿತು. ನಾನು ಹುಶ್ ಎಂದು ಓಡಿಸಿದೆ.

ಅಷ್ಟರಲ್ಲೇ ತಮ್ಮ ದಿವ್ಯದೃಷ್ಟಿ ಅದರ ಮೇಲೆ ಬಿದ್ದಿತ್ತು! ಬಣ್ಣಬಣ್ಣದ ದೊಡ್ಡ ಹಕ್ಕಿಯೊಂದು ರೆಕ್ಕೆ ಬಿಚ್ಚಿ ಗೂಡಿನ ಮೇಲೆ ಕೂತಿದೆ, ತನ್ನ ಕಪ್ಪು ಮರಿಗೆ ಗುಟುಕು ಕೊಡುತ್ತಿದೆ, ಇದು ಹಿಂದೆ ಯಾರೂ ಕಾಣದ ಜಾತಿ, ಇಲ್ಲೇ ಸಂತಾನ ಬೆಳೆಸುತ್ತಿದೆ ಎಂದು ತಾವು ಸಾರಿಬಿಟ್ಟಿರಿ. ಮಾನ್ಯರೇ, ತಾವು ಕಂಡ ಎಡರೆಕ್ಕೆ ದೇವಕಮ್ಮನ ಮದುವೆಯ ಇಳಕಲ್ ಸೀರೆ, ಬಲರೆಕ್ಕೆ ಓಣಿಯ ಅನ್ವರಬಿಯ ಹಸಿರು ಓಢಣಿ, ಹೊಟ್ಟೆಯ ಬಿಳಿಭಾಗ ತೀರಿಹೋದ ನನ್ನ ಗಂಡನ ಧೋತರ. ಆತ ಬದುಕಿದ್ದಾಗ ಒಂದು ದಿನವೂ ಹಾರಿದವನಲ್ಲ. ಇನ್ನು ಆ ಮರಿ ಎಂಬುದರ ವಯಸ್ಸು ನೋಡಿದರೆ ಅದು ಮೊಮ್ಮಕ್ಕಳನ್ನು ಕಂಡ ಕಾಗೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಈ ಕಾಲದಲ್ಲಿ ಬರವಿಲ್ಲ. ಕೆರೆ ಮತ್ತು ಪಕ್ಷಿ ಹಿತಚಿಂತಕ ಸಮಿತಿ ಎಂಬುದೊಂದು ಹುಟ್ಟಿತು, ಶಹಾಪುರದ ಸಿಮೆಂಟು ವ್ಯಾಪಾರಿ ಚಂದ್ರಾಮಪ್ಪನವರು ಅದರ ಅಧ್ಯಕ್ಷರಾದರು, ನಾವು ಬಟ್ಟೆ ಒಗೆಯುವ ದಂಡೆಗೆ ತಂತಿಬೇಲಿ ಬಿತ್ತು, ಬೇಲಿಗೊಂದು ಬೋರ್ಡು ಬಿತ್ತು: ಈ ಹಕ್ಕಿ ದಂಡೆಯಲ್ಲಿ ಕುಳಿತಿರುವಾಗ ಯಾರೇ ಆಗಲಿ ಹತ್ತಿರ ಸುಳಿಯಕೂಡದು, ಸುಳಿದವರನ್ನು ಕಾವಲುಗಾರ ಹೊರಗಟ್ಟತಕ್ಕದ್ದು.

ನಾನು ಸುಮ್ಮನೆ ಕೂರುವ ಹೆಂಗಸಲ್ಲ. ಆ ಕೌದಿಯನ್ನೇ ಹೆಗಲಿಗೇರಿಸಿ ಬಸ್ಸು ಹತ್ತಿ ಶಹಾಪುರಕ್ಕೆ ಹೋಗಿ, ಚಂದ್ರಾಮಪ್ಪನವರ ಮೇಜಿನ ಮೇಲೆ ಹಾಸಿ, ಇಗೋ ನಿಮ್ಮ ಹಕ್ಕಿ ಎಂದೆ. ಅವರು ಮೊಬೈಲಿನಲ್ಲಿದ್ದ ಚಿತ್ರವನ್ನೂ ಕೌದಿಯನ್ನೂ ನಾಲ್ಕು ಸಲ ಹೊರಳಿ ಹೊರಳಿ ನೋಡಿ, "ಯವ್ವಾ ಗೊಲ್ಲಾಳಮ್ಮ, ಆ ಹಕ್ಕಿ ನೋಡೇ ಈ ಕೌದಿ ಹೊಲ್ದೀ ನೀನು. ಭಾರೀ ಕಲಾ ಐತಿ ಬಿಡು ನಿನ್ನ ಕೈಯಾಗ!" ಎಂದು ನನಗೊಂದು ಶಾಲು ಹೊದಿಸಿ ಕಳಿಸಿದರು. ತಮ್ಮ ಸಂಶೋಧಕರಿಗೆ ಫೋನು ಮಾಡಿದೆ. ಅವರು ಬಹಳ ಸೌಜನ್ಯದಿಂದ, ಅಮ್ಮಾ, ನಾವು ಅಂತರ್ಜಾಲದ ಹುಡುಕುಯಂತ್ರದಲ್ಲಿ ಪರೀಕ್ಷಿಸಿದ್ದೇವೆ, ಅದೂ ಹಕ್ಕಿಯೆಂದೇ ಹೇಳುತ್ತದೆ ಎಂದರು. ಹುಡುಕುಯಂತ್ರಕ್ಕೆ ಹೇಳಿದವರು ಯಾರು ಎಂದು ಕೇಳಿದೆ. ಬೋನಾಳದ ಕ್ಯಾಮೆರಾ ಎಂದರು! ಓತಿಕ್ಯಾತಕ್ಕೆ ಬೇಲಿ ಸಾಕ್ಷಿ, ಬೇಲಿಗೆ ಓತಿಕ್ಯಾತ ಸಾಕ್ಷಿ. ನಾನು ಹೊಲಿದವಳು, ನನ್ನ ಸಾಕ್ಷಿ ಯಾರಿಗೂ ಬೇಡ.

ಬೇಲಿ ಬಿದ್ದ ಮೇಲೆ ಅಲ್ಲಿ ಯಾರೂ ಬಟ್ಟೆ ಒಣಹಾಕಲಿಲ್ಲ, ಹೀಗಾಗಿ ತಮ್ಮ ಹಕ್ಕಿಯೂ ಮತ್ತೆ ಕಾಣಲಿಲ್ಲ. ಇದನ್ನು ಕಂಡು ಸಮಿತಿಯವರು ಕಣ್ಣೀರು ತುಂಬಿಕೊಂಡು ಸಭೆ ಸೇರಿ, ಕಲ್ಲಿಗೆ ಬಟ್ಟೆ ಧಬಧಬ ಬಡಿಯುವ ಬೋನಾಳದ ಹೆಂಗಸರ ಗದ್ದಲಕ್ಕೆ ಹೆದರಿಯೇ ಆ ಸಾಧುಪ್ರಾಣಿ ಗೂಡು ಬಿಟ್ಟಿತು ಎಂದು ತೀರ್ಮಾನಿಸಿ, ಹಕ್ಕಿ ಇರಲಿ ಬಿಡಲಿ ನಮ್ಮನ್ನು ಮಾತ್ರ ಒಳಗೆ ಬಿಡಕೂಡದೆಂದು ಅಂಬ್ರಪ್ಪನಿಗೆ ತಾಕೀತು ಮಾಡಿದರು. ನಾವು ಒಗೆದರೆ ಹಕ್ಕಿ, ಹಕ್ಕಿ ಬಂದರೆ ಒಗೆಯುವಂತಿಲ್ಲ, ಒಗೆಯದಿದ್ದರೆ ಹಕ್ಕಿಯಿಲ್ಲ, ಹಕ್ಕಿಯಿಲ್ಲದಿದ್ದರೆ ಒಗೆದವರ ತಪ್ಪು. ಇಂಥ ತರ್ಕವನ್ನು ನಮ್ಮ ಊರಿನ ಕುಡುಕರೂ ಹೇಳುವುದಿಲ್ಲ, ಸಂಕೋಚಪಡುತ್ತಾರೆ.

ಇಷ್ಟಾದರೂ ನಾನು ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಈ ವರ್ಷ ಮಹಾನವಮಿ ಹತ್ತಿರ ಬಂತು, ಕೆರೆ ಇಲ್ಲ, ನಾವು ಗಂಟು ಹೊತ್ತು ಕಾಲುವೆಗೆ ಹೋದೆವು. ಕಾಲುವೆಯನ್ನು ನಾನು ಬೈಯುವವಳಲ್ಲ. ಅದು ಬಂದ ಮೇಲೆಯೇ ನಮ್ಮ ಹೊಲಗಳು ಭತ್ತದ ಮುಖ ಕಂಡದ್ದು. ಆದರೆ ಅದನ್ನು ಕಟ್ಟಿದ್ದು ಹೊಲಕ್ಕೆ, ಹೆಂಗಸರ ಕಾಲಿಗಲ್ಲ. ದಂಡೆಯೆಂದರೆ ಸಿಮೆಂಟಿನ ಇಳಿಜಾರು, ಅದರ ಮೇಲೆ ಪಾಚಿ, ಕೆಳಗೆ ಓಡುವ ನೀರು. ದೇವಕಮ್ಮನ ಮೊಣಕಾಲು ಮೊದಲೇ ಬಗ್ಗುವುದಿಲ್ಲ. ನೋಡುನೋಡುತ್ತಿದ್ದಂತೆ ಜಾರಿದಳು, ಯವ್ವಾ ಎನ್ನುವುದಕ್ಕೂ ಪುರುಸೊತ್ತು ಕೊಡದೆ ನೀರು ಎಳೆದುಕೊಂಡಿತು. ಅನ್ವರಬಿ ಕೈಯಲ್ಲಿದ್ದ ಒದ್ದೆ ಕೌದಿಯ ಒಂದು ತುದಿ ಹಿಡಿದು ಇನ್ನೊಂದನ್ನು ಬೀಸಿ ಎಸೆದಳು. "ಹಿಡ್ಕೋಳೇ ಅಕ್ಕಾ, ಬಿಡಬ್ಯಾಡಾ!" ಎಂದು ಅವಳು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ದೇವಕಮ್ಮ ಹಿಡಿದಳು, ನಾವೆಲ್ಲ ಸೇರಿ ಜಗ್ಗಿದೆವು, ಮೇಲೆ ಬಂದಳು. ನಾನು ಅಲ್ಲೇ ಹೋ ಎಂದು ಅತ್ತೆ. ನನಗೆ ಅಷ್ಟು ಹೆದರಿಕೆ ಗಂಡ ಸತ್ತ ದಿನವೂ ಆಗಿರಲಿಲ್ಲ.

ಅಂದಿನಿಂದ ದೇವಕಮ್ಮ ಒಂದೇ ಮಾತು ಹೇಳುತ್ತಾಳೆ: "ಹೊಲಸ ಅರಿಬಿ ಉಟ್ಟ ಸಾಯ್ತೇನಿ, ಆ ಕಾಲುವಿಗಿ ಮಾತ್ರ ನಾ ಬರಂಗಿಲ್ಲ." ಆದರೂ ಹೋಗದೆ ಗತಿಯಿಲ್ಲ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಘಟ ಕೂಡಿಸುವ ದಿನ ಬಾಗಿಲಿಗೆ ಬಂದು ನಿಂತಿದೆ. ಮುಂದಿನ ಸಲ ಕೌದಿಯ ತುದಿ ಅವಳ ಕೈಗೆ ಸಿಗದಿದ್ದರೆ ಏನು ಗತಿ? ತಮ್ಮನ್ನೇ ಕೇಳುತ್ತಿದ್ದೇನೆ.

ಕಾವಲುಗಾರ ಅಂಬ್ರಪ್ಪನ ಮೊಬೈಲಿಗೆ ತಾವು ಕಂಡದ್ದೆಲ್ಲ ಚಿತ್ರವಾಗಿ ಬರುತ್ತದಷ್ಟೆ. ಬೇಲಿ ಬೀಳುವ ಮುಂಚಿನ ಚಿತ್ರಗಳನ್ನು ಅವನು ನನಗೆ ತೋರಿಸಿದ. ಕೊಕ್ಕರೆಯ ಸುತ್ತ ಹಸಿರು ಚೌಕಟ್ಟು, ಅದರ ಹೆಸರು. ಬಾತುಕೋಳಿಯ ಸುತ್ತ ಹಸಿರು ಚೌಕಟ್ಟು, ಅದರ ಹೆಸರು. ಪಕ್ಕದಲ್ಲೇ ಸೊಂಟ ಬಗ್ಗಿಸಿ ಒಗೆಯುತ್ತಿರುವ ದೇವಕಮ್ಮ, ಅನ್ವರಬಿ, ನಾನು, ಯಾರಿಗೂ ಚೌಕಟ್ಟಿಲ್ಲ, ಹೆಸರಿಲ್ಲ. ಸಂಶೋಧಕರನ್ನು ವಿಚಾರಿಸಿದರೆ, ಕಲ್ಲು, ಕಂಟಿ, ನೀರು, ಜನ, ಇವೆಲ್ಲವನ್ನೂ ಹಿನ್ನೆಲೆ ಎಂದು ಬಿಟ್ಟುಬಿಡಲು ಕಲಿಸಲಾಗಿದೆ ಎಂದರು. ಮಾನ್ಯರೇ, ಕೌದಿ ಹಕ್ಕಿಯಾಯಿತು, ಕಾಗೆ ಮರಿಯಾಯಿತು, ಹುಟ್ಟಿದಂದಿನಿಂದ ಆ ಕೆರೆಯ ನೀರು ಮುಟ್ಟಿದ ನಾವು ಹಿನ್ನೆಲೆಯಾದೆವು. ತಮ್ಮ ದೃಷ್ಟಿಯ ಸೂಕ್ಷ್ಮತೆಗೆ ನನ್ನ ಹತ್ತೂ ಬೆರಳು ಜೋಡಿಸಿದ್ದೇನೆ.

ಆದುದರಿಂದ ತಮ್ಮಲ್ಲಿ ನನ್ನ ನಮ್ರ ಬಿನ್ನಹವೇನೆಂದರೆ, ಬೇಲಿ ತೆಗೆಸುವುದು ತಮ್ಮ ಘನತೆಗೆ ಕುಂದೆನಿಸಿದರೆ ದಯಮಾಡಿ ಕಾಲುವೆಯ ನೀರಿಗೆ ನಾವು ಒಗೆಯುವಷ್ಟು ಹೊತ್ತು ನಿಂತಿರಲು ಅಪ್ಪಣೆ ಮಾಡಬೇಕು. ಅದೂ ಆಗದಿದ್ದರೆ ದೇವಕಮ್ಮನಿಗೆ ಈಜು ಕಲಿಸಲು ಲಕ್ಷಾಂತರ ಮೀನುಗಳ ಚಿತ್ರವನ್ನು ಕಳಿಸಿಕೊಡಬೇಕು. ಚಿತ್ರ ನೋಡಿಯೇ ಎಲ್ಲ ವಿದ್ಯೆ ಬರುತ್ತದೆಂದು ತಾವೇ ತೋರಿಸಿಕೊಟ್ಟಿದ್ದೀರಿ. ಹಕ್ಕಿಯ ಅಭಿಪ್ರಾಯ ಕೇಳಬೇಕೆಂದಿದ್ದರೆ ಅದು ದೇವಕಮ್ಮನ ಮನೆಯ ಟ್ರಂಕಿನ ಮೇಲೆ ಮಡಚಿಕೊಂಡು ಕೂತಿದೆ, ಯಾವಾಗ ಬೇಕಾದರೂ ಬರಬಹುದು, ಆಕ್ಷೇಪಣೆಯಿಲ್ಲ ಎಂದು ನಾನೇ ಅದರ ಪರವಾಗಿ ಹೇಳುತ್ತೇನೆ. ಇದಾವುದೂ ಆಗದಿದ್ದರೆ ಕಡೆಯ ಪಕ್ಷ ದೇವಕಮ್ಮನನ್ನು ಹಕ್ಕಿ ಎಂದಾದರೂ ಬರೆದುಕೊಳ್ಳಬೇಕು. ಮನುಷ್ಯಳಾಗಿ ಅವಳಿಗೆ ಆ ದಂಡೆಯಲ್ಲಿ ಜಾಗವಿಲ್ಲ ಎಂದಾದರೆ ಹಕ್ಕಿಯಾಗಿಯೇ ಇಳಿಯುತ್ತಾಳೆ, ಅದರಲ್ಲಿ ಅವಳಿಗೆ ಹೆಚ್ಚುಗಾರಿಕೆಯೂ ಇಲ್ಲ, ನಾಚಿಕೆಯೂ ಇಲ್ಲ.

ತಮ್ಮ ಕಣ್ಣಿಗೆ ಧೂಳು ಬೀಳದಿರಲಿ ಎಂದು ತಿಂಥಣಿಯ ಮೌನೇಶ್ವರನಲ್ಲಿ ಬೇಡಿಕೊಳ್ಳುತ್ತ,

ತಮ್ಮ ವಿಶ್ವಾಸಿ, ತಮ್ಮ ಹಿನ್ನೆಲೆಯಲ್ಲೊಬ್ಬಳಾದ,
ಗೊಲ್ಲಾಳಮ್ಮ

ತಾ.ಕ.: ಈ ಪತ್ರಕ್ಕೆ ಉತ್ತರ ಬರುವವರೆಗೆ ಕಾಯಲು ಬಟ್ಟೆಗಳಿಗೆ ವ್ಯವಧಾನವಿರಲಿಲ್ಲ. ಆದ್ದರಿಂದ ಇಂದು ಮುಂಜಾನೆ ನಾವೆಲ್ಲರೂ ತಲೆಯಿಂದ ಕಾಲಿನವರೆಗೆ ಕೌದಿ ಹೊದ್ದು, ಅಂಬ್ರಪ್ಪ ಕಂಡೂ ಕಾಣದಂತೆ ತೆರೆದಿಟ್ಟ ಬೇಲಿಯ ಗೇಟು ದಾಟಿ, ದಂಡೆಯುದ್ದಕ್ಕೂ ಕುಕ್ಕರುಗಾಲಲ್ಲಿ ಕೂತು, ಮೈಮೇಲಿದ್ದುದನ್ನು ಹೊದ್ದುಕೊಂಡೇ ಉಳಿದುದನ್ನೆಲ್ಲ ಒಗೆದುಕೊಂಡೆವು. ಬಹುವರ್ಣದ ಹಕ್ಕಿ ಹಿಂಡುಹಿಂಡಾಗಿ ಮರಳಿದೆ ಎಂದು ತಾವು ಕೂಡಲೇ ಸಾರಿದಿರಿ. ಚಂದ್ರಾಮಪ್ಪನವರು ಯಾದಗಿರಿಯ ನಾಲ್ಕು ಮಂದಿ ದೊಡ್ಡವರನ್ನು ಕರೆದುಕೊಂಡು ಕಾರಿನಲ್ಲಿ ಓಡಿ ಬಂದರು. ಅಂಬ್ರಪ್ಪ ಗೇಟಿಗೆ ಅಡ್ಡ ನಿಂತು, "ಹಕ್ಕಿ ಕುಂತಾವ್ರೀ ಸಾಹೇಬ್ರ, ಬೋರ್ಡು ಓದ್ರಿ, ಒಳಗ ಬಿಡಂಗಿಲ್ಲ" ಎಂದು ಅವರನ್ನು ಹೊರಗಟ್ಟಿದ. ಆಮೇಲೆ ಅವನು ಮೊಬೈಲು ತಂದು ದೇವಕಮ್ಮನಿಗೆ ಹಿಡಿದ. ಅವಳ ಸುತ್ತ ಹಸಿರು ಚೌಕಟ್ಟು ಬಿದ್ದಿತ್ತು. ಅವಳು ಬಹಳ ಹೊತ್ತು ನೋಡಿ, "ಇಷ್ಟ ವರ್ಷ ಇಲ್ಲೇ ಕುಂತಿದ್ನೆಲ್ಲಾ, ಈಗ ಕಂಡೆ ನೋಡು ಅದರ ಕಣ್ಣಿಗಿ" ಎಂದು ಮತ್ತೆ ಒಗೆಯಲು ಕೂತಳು.