ಬೇರೆಯವರ ಮೀನಿಗೆ ಗಂಟೆ

ಬೇರೆಯವರ ಮೀನಿಗೆ ಗಂಟೆ ಹೊಡೆದು ಹೊಡೆದು ಬೆಲಾರ್ಮಿನೊನ ಅಂಗೈ ದಡ್ಡುಗಟ್ಟಿತ್ತು. ದಡ್ಡುಗಟ್ಟಿದ್ದು ಅಂಗೈ ಮಾತ್ರ. ಮನಸ್ಸು ಪ್ರತಿ ವಸಂತದಲ್ಲೂ ಹೊಸ ಗಾಯದ ಹಾಗೆ ಉರಿಯುತ್ತಿತ್ತು. ನಾರ್ಸಿಯಾ ಹೊಳೆಯ ಮೇಲಿರುವ ವಿಯಾನೊರಾ ಎಂಬ ನಮ್ಮ ಪುಟ್ಟ ಊರಿನಲ್ಲಿ ಚರ್ಚಿನ ಗಂಟೆ ಹೊಡೆಯುವ ಹಕ್ಕು ಅವನ ಮನೆತನದ್ದು. ಹಕ್ಕು ಎನ್ನುವುದು ಊರಿನವರ ಮಾತು. ಅವನನ್ನು ಕೇಳಿದರೆ ಅದಕ್ಕೆ ಬೇರೆ ಹೆಸರಿದೆ, ಚರ್ಚಿನ ವಿಷಯ ಹೇಳುವಾಗ ಅದನ್ನು ಬಾಯಿಗೆ ತರಬಾರದು.

ಸಾಲ್ಮನ್ ಮೀನುಗಳು ಸಮುದ್ರ ಬಿಟ್ಟು ನಮ್ಮ ಹೊಳೆ ಹತ್ತುವ ಕಾಲಕ್ಕೆ ಸರ್ಕಾರ ಒಂದು ದಿನ ಗೊತ್ತುಮಾಡಿ ಹೊಳೆಯನ್ನು ‘ತೆರೆಯುತ್ತದೆ’. (ಹೊಳೆಗೆ ಬಾಗಿಲು ಎಲ್ಲಿದೆ ಎಂದು ಕೇಳಬೇಡಿ. ಸರ್ಕಾರದ ಕಣ್ಣಿಗೆ ಎಲ್ಲದಕ್ಕೂ ಬಾಗಿಲು ಕಾಣುತ್ತದೆ.) ಆ ವರ್ಷ ಗಾಳಕ್ಕೆ ಬೀಳುವ ಮೊಟ್ಟಮೊದಲ ಸಾಲ್ಮನ್‌ಗೆ ನಮ್ಮಲ್ಲಿ ‘ಕಂಪಾನು’ ಎಂದು ಹೆಸರು. ಸರ್ಕಾರದ ಹೊಳೆ ಕಾವಲುಗಾರ ಬಂದು ಅದಕ್ಕೆ ಮುದ್ರೆ ಕಟ್ಟಿದ ಕೂಡಲೇ ಹಿಡಿದವನ ಊರಿನಲ್ಲಿ ಚರ್ಚಿನ ಗಂಟೆ ಬಾರಿಸಬೇಕು. ಮುದ್ರೆ ಬಿದ್ದರೆ ಅದು ಬರೀ ಸರ್ಕಾರದ ಲೆಕ್ಕದ ಮೀನು, ಗಂಟೆ ಬಿದ್ದರೆ ಕಂಪಾನು. ಎರಡು ಊರಿಗೆ ಒಂದೇ ಹೊತ್ತಿಗೆ ಮೀನು ಸಿಕ್ಕಿದರೆ ಯಾರ ಗಂಟೆ ಮೊದಲು ಕೇಳಿಸಿತೋ ಮಾನ ಅವರದು. ಕೆಳಗಿನ ಪೊಂಟೆದೊ ಊರಿನವರಂತೂ ಮೀನು ಗಾಳವನ್ನು ಮೂಸಿ ನೋಡಿದರೂ ಸಾಕು, ಹಗ್ಗಕ್ಕೆ ಜೋತುಬೀಳುವ ಜನ.

ಹೀಗಾಗಿ ತೆರೆಯುವ ದಿನ ಊರಿನ ಗಂಡಸರೆಲ್ಲ ಹೊಳೆಯಲ್ಲಿದ್ದರೆ ಬೆಲಾರ್ಮಿನೊ ಗೋಪುರದಲ್ಲಿ, ಪಾರಿವಾಳದ ಹಿಕ್ಕೆಯ ನಡುವೆ, ಹಗ್ಗ ಹಿಡಿದು ಕೂತಿರುತ್ತಿದ್ದ. ಕಿಂಡಿಯಿಂದ ನೋಡಿದರೆ ಹೊಳೆ ಒಂದು ಗೆರೆಯಷ್ಟು, ಅದರಲ್ಲಿ ನಿಂತವರು ಇರುವೆಯಷ್ಟು. ಉಳಿದ ದಿನಗಳಲ್ಲಿ ಅವನೂ ಗಾಳ ಹಾಕಿದ್ದಾನೆ, ಮೀನೂ ಹಿಡಿದಿದ್ದಾನೆ. ಆದರೆ ಎರಡನೆಯ ಸಾಲ್ಮನ್‌ಗೆ ಯಾರೂ ಗಂಟೆ ಹೊಡೆಯುವುದಿಲ್ಲ.

ಆ ಗಂಟೆಯನ್ನು ಅವನು ಹೊಳೆಯಲ್ಲಿ ನಿಂತು ಕೇಳಿದ್ದು ಒಂದೇ ಸಲ. ಆಗ ಅಪ್ಪ ಬದುಕಿದ್ದ, ಹಗ್ಗ ಅಪ್ಪನ ಕೈಯಲ್ಲಿತ್ತು. ನಾದ ಮೊದಲು ನೀರಿನ ಮೇಲಿಂದ ಬಂದು ಮೊಣಕಾಲಿಗೆ ತಾಗಿತು, ಆಮೇಲೆ ಎದುರು ಗುಡ್ಡಕ್ಕೆ ಹೋಗಿ ತಿರುಗಿ ಬಂತು. ಮೀನು ಹಿಡಿದಿದ್ದ ಕಮ್ಮಾರ ಟೊಪ್ಪಿಗೆ ತೆಗೆದು ಎದೆಗೆ ಒತ್ತಿಕೊಂಡು, ಯಾರೋ ತನ್ನನ್ನು ಹೆಸರು ಹಿಡಿದು ಕರೆದರೆಂಬಂತೆ ತಲೆಯೆತ್ತಿ ನಿಂತಿದ್ದ. ಅಂದಿನಿಂದ ಬೆಲಾರ್ಮಿನೊನಿಗೆ ಇದ್ದದ್ದು ಒಂದೇ ಆಸೆ. ಒಮ್ಮೆ, ಸಾಯುವುದರೊಳಗೆ ಒಂದೇ ಒಮ್ಮೆ, ನೀರಿನಲ್ಲಿ ನಿಂತು ಆ ಗಂಟೆ ತನ್ನ ಮೀನಿಗೆ ಹೊಡೆಯುವುದನ್ನು ಕೇಳಬೇಕು. ಗೋಪುರದೊಳಗೆ ಕೇಳಿದ್ದು ಕೇಳಿದಂತಲ್ಲ. ಗಂಟೆಯ ಕೆಳಗೆ ನಿಂತವನಿಗೆ ಸದ್ದು ಸಿಗುತ್ತದೆ, ನಾದ ಸಿಗುವುದಿಲ್ಲ. ತಲೆಯೊಳಗೆ ಗಡಿಗೆ ಒಡೆದಂತಾಗಿ ಸಂಜೆಯವರೆಗೂ ಕಿವಿ ಗುಂಯ್ ಎನ್ನುತ್ತಿರುತ್ತದೆ.

ಇದನ್ನೆಲ್ಲ ಅವನು ಬಾಯಿಬಿಟ್ಟು ಯಾರಿಗೂ ಹೇಳಿದವನಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವನ ನಿಟ್ಟುಸಿರಿಗೆ ಗೋಡೆಯ ಸುಣ್ಣ ಉದುರುತ್ತಿತ್ತು ಎಂದು ಹೆಂಡತಿ ಎತೆಲ್ವಿನಾ ಇಂದಿಗೂ ಹೇಳುತ್ತಾಳೆ.

ಎತೆಲ್ವಿನಾಳ ವಿಷಯಕ್ಕೆ ಬಂದರೆ, ಆಕೆಗೆ ಮೀನು ಕಂಡರೆ ಆಗದು, ಹೊಳೆ ಕಂಡರೆ ಆಗದು, ಎಲ್ಲಕ್ಕಿಂತ ಹೆಚ್ಚಾಗಿ ಗಂಡನ ಕೊರಳಿನ ಕೀಲಿ ಕಂಡರೆ ಆಗದು. ಗೋಪುರದ ಕೀಲಿ ಅದು, ಗೇಣುದ್ದದ ಕಬ್ಬಿಣ. ದಾರ ಕಟ್ಟಿ ಅಂಗಿಯೊಳಗೆ ಇಳಿಬಿಟ್ಟುಕೊಂಡಿದ್ದನ್ನು ಅವನು ಸ್ನಾನಕ್ಕೂ ತೆಗೆಯುತ್ತಿರಲಿಲ್ಲ, ಮಲಗುವಾಗಲೂ ತೆಗೆಯುತ್ತಿರಲಿಲ್ಲ.

“ಮಗ್ಗುಲು ತಿರುಗಿದ್ರೆ ಬೆನ್ನಿಗೆ ತಣ್ಣಗೆ ಚುಚ್ಚತ್ತೆ,” ಎನ್ನುತ್ತಿದ್ದಳು. “ನಾನು ಮದುವೆ ಆಗಿದ್ದು ಗಂಡಸನ್ನೋ ಚರ್ಚಿನ ಬಾಗಿಲನ್ನೋ ಗೊತ್ತಾಗ್ತಿಲ್ಲ.”

“ಇನ್ನೊಂದು ಕೀಲಿ ಪಾದ್ರಿ ಹತ್ರ ಇದೆ, ಅವರು ಇರೋದು ಎರಡು ಗುಡ್ಡದಾಚೆ,” ಎನ್ನುತ್ತಿದ್ದ ಬೆಲಾರ್ಮಿನೊ. “ಇದು ಕಳೆದ್ರೆ ಊರಿಗೇ ಗಂಟೆ ಇಲ್ಲ. ಸತ್ತರೂ ಸುಮ್ನೆ ಹೂಳಬೇಕಾಗತ್ತೆ.”

“ನಿನ್ನ ಸುಮ್ನೆ ಹೂಳೋದಾದ್ರೆ ನನ್ನದೇನೂ ಅಭ್ಯಂತರ ಇಲ್ಲ.”

ಇಂಥ ಎತೆಲ್ವಿನಾ ಒಂದು ಚಳಿಗಾಲದ ಮಧ್ಯಾಹ್ನ ಆಲೂಗಡ್ಡೆ ಸುಲಿಯುತ್ತ, ತಲೆಯೆತ್ತದೆ ಹೇಳಿದಳು: “ತೆರೆಯೋ ದಿನಕ್ಕೆ ನಿನ್ನ ಹೆಸರು ಬಂದಿದೆ. ಮೇಲಿನ ಮಡು ನಿಂದು.”

ಹೊಳೆಯ ಒಳ್ಳೊಳ್ಳೆ ಮಡುಗಳಿಗೆ ಚೀಟಿ ಎತ್ತಿ ಪಾಲು ಹಂಚುವುದು ನಿಯಮ. ತೆರೆಯುವ ದಿನದ ಚೀಟಿಗೆ ಬೆಲಾರ್ಮಿನೊ ಜನ್ಮದಲ್ಲಿ ಹೆಸರು ಕೊಟ್ಟವನಲ್ಲ, ಹಗ್ಗ ಬಿಟ್ಟು ಹೋಗುವ ಹಾಗಿರಲಿಲ್ಲವಲ್ಲ.

“ನನ್ನ ಹೆಸರು ಯಾರು ಕೊಟ್ಟಿದ್ದು?”

“ನಾನೇ ಕೊಟ್ಟೆ. ಸುಣ್ಣ ಹೊಡೆಸಿ ಹೊಡೆಸಿ ಸಾಕಾಗಿದೆ.”

“ಹಾಗಾದ್ರೆ ಗಂಟೆ?”

“ನಾನು ಹೊಡೀತೀನಿ. ಏನು ಮಹಾ, ಒಂದು ಹಗ್ಗ ಎಳೆಯೋದು ತಾನೆ? ಇಷ್ಟು ವರ್ಷ ನಿನ್ನನ್ನ ಎಳ್ಕೊಂಡು ಬಂದಿಲ್ವಾ?”

ಬೆಲಾರ್ಮಿನೊನಿಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಅಭ್ಯಾಸವಿಲ್ಲದ ಕೆಲಸವಾದ್ದರಿಂದ ಆಲೂಗಡ್ಡೆಯ ಬುಟ್ಟಿಯನ್ನು ಎತ್ತಿಕೊಂಡು ಅಡುಗೆಮನೆಯ ತುಂಬ ಓಡಾಡಿದ.

ಅಂದಿನಿಂದ ಆ ಮನೆಯಲ್ಲಿ ಘಂಟಾನಾದ ವಿದ್ಯಾಭ್ಯಾಸ ಶುರುವಾಯಿತು. ಹಗ್ಗ ಎಳೆಯುವುದು ಎಂದರೆ ಸುಮ್ಮನೆ ಎಳೆಯುವುದಲ್ಲ. ಸಾವಿಗೊಂದು ಬಡಿತ, ಬೆಂಕಿಗೊಂದು ಬಡಿತ, ಪೂಜೆಗೊಂದು. ಕಂಪಾನುವಿಗೆ ಮೂರು ನಿಧಾನ, ಆಮೇಲೆ ಒಂದೇ ಓಟ. ತಪ್ಪಿದರೆ ಊರಿನ ಹೆಂಗಸರು ಕರಿ ಶಾಲು ಹೊದ್ದು ಅಳುತ್ತ ಬರುತ್ತಾರೆ, ಇಲ್ಲವೇ ಗಂಡಸರು ನೀರಿನ ಕೊಡ ಹಿಡಿದು ಓಡಿಬರುತ್ತಾರೆ. ನಿಜವಾದ ಗಂಟೆಯಲ್ಲಿ ಅಭ್ಯಾಸ ಮಾಡಿದರೆ ಊರೇ ನೆರೆಯುತ್ತದೆಂದು ಬೆಲಾರ್ಮಿನೊ ಬಟ್ಟೆ ಒಣಹಾಕುವ ಹಗ್ಗವನ್ನು ಅಡುಗೆಮನೆಯ ದೀಪದ ಕೊಂಡಿಗೆ ಕಟ್ಟಿದ.

“ಮೂರು ನಿಧಾನ ಅಂದೆ. ನೀನು ಎರಡಕ್ಕೇ ಓಟ ಕೀಳ್ತೀಯ.”

“ಮೀನು ಸಿಕ್ಕಿದೆ ಅಂತ ಹೇಳೋಕೆ ಇಷ್ಟು ಹೊತ್ತು ಯಾಕೆ?”

“ಅದು ಗಾಂಭೀರ್ಯ.”

“ಗಾಂಭೀರ್ಯಕ್ಕೆ ಬೆಂಕಿ ಹಾಕ,” ಎಂದು ಎತೆಲ್ವಿನಾ ಕೊನೆಯ ಓಟವನ್ನು ಎಂಥ ಹುರುಪಿನಿಂದ ಎಳೆದಳೆಂದರೆ, ಕೊಂಡಿ ಕಿತ್ತು ದೀಪ ಕೆಳಗೆ ಬಂತು. ಕೆಳಗೆ ಬಿಳಿ ಕಾಳು, ಹಂದಿಮಾಂಸ ಹಾಕಿದ ಫಬಾದಾ ಕುದಿಯುತ್ತಿತ್ತು. ಆ ರಾತ್ರಿ ದಂಪತಿಗಳು ಮೇಣದಬತ್ತಿಯ ಬೆಳಕಿನಲ್ಲಿ ಕಾಳಿನ ನಡುವಿನಿಂದ ಗಾಜು ಆರಿಸಿ, ಕೊನೆಗೆ ಬ್ರೆಡ್ಡು ತಿಂದು ಮಲಗಿದರು. ಆದರೆ ಬಡಿತ ಮಾತ್ರ ಬಂದಿತ್ತು, ಅದನ್ನು ಒಪ್ಪಲೇಬೇಕು.

ಇನ್ನು ನಿಯಮಗಳು. ಈಗ ನಮ್ಮ ಹೊಳೆಯಲ್ಲಿ ಸಾಲ್ಮನ್‌ಗಿಂತ ನಿಯಮಗಳೇ ಹೆಚ್ಚು ಈಜುತ್ತವೆ. ಮೊದಲು ಮೀನಿತ್ತು, ನಿಯಮ ಇರಲಿಲ್ಲ. ಮೀನು ಕಡಿಮೆಯಾದ ಹಾಗೆ ನಿಯಮಗಳು ಮೊಟ್ಟೆಯಿಟ್ಟವು. ಯಾವ ಮಡುವಿನಲ್ಲಿ ಯಾವ ಗಾಳ, ಎಷ್ಟು ಹೊತ್ತಿಗೆ ಮೊದಲ ಎಸೆತ, ಎಷ್ಟುದ್ದದ ಮೀನನ್ನು ಮುತ್ತಿಟ್ಟು ವಾಪಸು ಬಿಡಬೇಕು (ಮುತ್ತು ನಿಯಮದಲ್ಲಿಲ್ಲ, ನಾನು ಸೇರಿಸಿದ್ದು), ಕಾವಲುಗಾರ ಮುದ್ರೆ ಕಟ್ಟುವ ತನಕ ಮೀನನ್ನು ದಂಡೆಯಿಂದ ಒಯ್ಯಬಾರದು, ಎಲ್ಲಕ್ಕಿಂತ ಕ್ರೂರವಾದದ್ದು, ಒಬ್ಬನಿಗೆ ಇಡೀ ಋತುವಿಗೆ ಒಂದೇ ಸಾಲ್ಮನ್. ಬೆಲಾರ್ಮಿನೊ ಇದನ್ನೆಲ್ಲ ಜಪಮಾಲೆ ಎಣಿಸಿದಂತೆ ಒಪ್ಪಿಸುತ್ತಿದ್ದ.

“ನನ್ನ ಹುಟ್ಟಿದ ದಿನ ಯಾವಾಗ, ಹೇಳು,” ಎಂದಳು ಎತೆಲ್ವಿನಾ.

“ಹೊಳೆ ಮುಚ್ಚಿದ ಮೇಲೆ ಬರತ್ತೆ,” ಎಂದ ಬೆಲಾರ್ಮಿನೊ. ಅದೇನೂ ತಪ್ಪು ಉತ್ತರವಾಗಿರಲಿಲ್ಲ.

ತೆರೆಯುವ ದಿನ ಬೆಳಕು ಹರಿಯುವ ಮುಂಚೆ ಅವನು ಎದೆಯುದ್ದದ ರಬ್ಬರ್ ಉಡುಪು ತೊಟ್ಟು ಬಾಗಿಲಲ್ಲಿ ನಿಂತ. “ಗೋಪುರದಲ್ಲೇ ಕೂತಿರು,” ಎಂದ.

“ಆ ಚಳೀಲಿ ಗೂಬೆ ಹಾಗೆ ಕೂರೋಕೆ ನಾನೇನು ನೀನಾ? ಒಲೆ ಮುಂದೆ ಕೂತಿರ್ತೀನಿ. ಫೋನ್ ಮಾಡು, ಒಂದು ಹೆಜ್ಜೆ, ಹೋಗಿ ಹೊಡೀತೀನಿ.”

“ಮೂರು ನಿಧಾನ.”

“ಹೋಗ್ತೀಯಾ, ಇಲ್ಲ ಈಗಲೇ ಸಾವಿನ ಬಡಿತ ಹೊಡೀಲಾ?”

ಹೊಳೆಯ ಮೇಲೆ ಮಂಜು ಇತ್ತು. ಬೆಲಾರ್ಮಿನೊ ನೀರಿಗಿಳಿದು, ಮೊದಲು ತಲೆಯೆತ್ತಿ ಗೋಪುರವನ್ನು ನೋಡಿದ. ಇಷ್ಟು ವರ್ಷ ಅಲ್ಲಿಂದ ಇಲ್ಲಿಗೆ ನೋಡಿದವನಿಗೆ ಇಲ್ಲಿಂದ ಅಲ್ಲಿಗೆ ನೋಡುವಾಗ ಕಿಂಡಿ ಸಾಸಿವೆಯಷ್ಟು ಕಂಡಿತು. ಮೀನು ಸಿಗದಿದ್ದರೂ ಸರಿ, ಇಷ್ಟೇ ಸಾಕು ಎಂದು ಒಂದು ಗಳಿಗೆ ಅನಿಸಿತು. ಆದರೆ ಮನುಷ್ಯನ ‘ಇಷ್ಟೇ ಸಾಕು’ ಒಂದು ಗಳಿಗೆಗಿಂತ ಹೆಚ್ಚು ಬಾಳುವುದಿಲ್ಲ. ಎರಡನೆಯ ಎಸೆತಕ್ಕೆ ಅವನು ಹೊಳೆಯಲ್ಲಿರುವ ಎಲ್ಲ ದೇವರಿಗೂ ಹರಕೆ ಹೊತ್ತಾಗಿತ್ತು.

ಬಿಸಿಲು ಎದುರು ಗುಡ್ಡಕ್ಕೆ ಬೀಳುವ ಹೊತ್ತಿಗೆ ದಾರ ನಿಂತಿತು. ಕಲ್ಲಿಗೆ ಸಿಕ್ಕಿತೆಂದುಕೊಂಡ. ಕಲ್ಲು ನಡೆಯತೊಡಗಿತು. ಆಮೇಲಿನದನ್ನು ಬೆಲಾರ್ಮಿನೊ ಹೇಳುವಾಗ ಮಧ್ಯಾಹ್ನದಿಂದ ರಾತ್ರಿಯ ಊಟದವರೆಗೆ ಆಗುತ್ತದೆ, ನಾನು ಬೇಗ ಮುಗಿಸುತ್ತೇನೆ. ಮೀನು ಮೇಲಕ್ಕೆ ಹೋಯಿತು, ಕೆಳಕ್ಕೆ ಹೋಯಿತು, ಎರಡು ಸಲ ಹಾರಿ ಅವನನ್ನು ನೋಡಿತು, ಕೊನೆಗೆ ಕೈಬಲೆಯೊಳಗೆ ಬೆಳ್ಳಿಯ ಹಾಗೆ ಮಲಗಿತು. ಕಾವಲುಗಾರ ಸೆಲ್ಸೊ ಮರಳಿನ ಮೇಲೆ ಮಂಡಿಯೂರಿ ಅಳೆದ, ತೂಗಿದ, ಮುದ್ರೆ ಕಟ್ಟಿದ.

“ಈ ವರ್ಷದ ಮೊದಲನೇದು, ಬೆಲಾರ್ಮಿನೊ,” ಎಂದ. “ನಿನ್ನ ಪಾಲಿಗೆ ಕೊನೇದೂ ಹೌದು. ಗಾಳ ಸುತ್ತಿಡು. ಆದ್ರೆ ಬೇಗ ಗಂಟೆ ಹೊಡೆಸು ಮಾರಾಯ, ಪೊಂಟೆದೊದಲ್ಲೂ ಒಂದು ಸಿಕ್ಕಿದೆಯಂತೆ, ಇನ್ನೂ ಎಳೀತಿದಾರೆ.”

ಬೆಲಾರ್ಮಿನೊ ಫೋನ್ ಮಾಡಿದ. ಹೆಂಡತಿಯ ಹೆಸರು ಹಿಡಿದು ಕರೆದ, ಅಷ್ಟೇ. “ಗೊತ್ತಾಯ್ತು ಬಿಡು,” ಎಂದು ಎತೆಲ್ವಿನಾ ಫೋನ್ ಇಟ್ಟಳು.

ಅವನು ಮತ್ತೆ ಮೊಣಕಾಲುದ್ದ ನೀರಿಗೆ ಹೋಗಿ ನಿಂತ. ಟೊಪ್ಪಿಗೆ ತೆಗೆದು ಎದೆಗೆ ಒತ್ತಿಕೊಂಡ. ತಲೆಯೆತ್ತಿದ. ಇನ್ನೇನು ಬರುತ್ತದೆ, ನೀರಿನ ಮೇಲಿಂದ ಬರುತ್ತದೆ ಎಂದು ಕಣ್ಣುಮುಚ್ಚಿದ.

ಬಂದದ್ದು ಫೋನು.

“ಪುಣ್ಯಾತ್ಮ,” ಎಂದಳು ಎತೆಲ್ವಿನಾ, ಏದುಸಿರು ಬಿಡುತ್ತ. “ಗೋಪುರದ ಬಾಗಿಲಿಗೆ ಬೀಗ ಇದೆ.”

ಟೊಪ್ಪಿಗೆ ಒತ್ತಿದ್ದ ಜಾಗದಲ್ಲೇ ಏನೋ ಗಟ್ಟಿಯಾಗಿ ಚುಚ್ಚುತ್ತಿತ್ತು. ಅದೇನೆಂದು ಬೆಲಾರ್ಮಿನೊ ಮುಟ್ಟಿ ನೋಡಲಿಲ್ಲ. ಇಡೀ ಚಳಿಗಾಲ ಮೂರು ನಿಧಾನ, ಒಂದು ಓಟ ಎಂದು ಜಪಿಸಿದ ಆ ಮನೆಯಲ್ಲಿ ಗಂಟೆಗೆ ಬಾಗಿಲಿದೆ ಎನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ.

ದಂಡೆಯಲ್ಲಿ ಜನರಿದ್ದರು. ಆದರೆ ತೆರೆಯುವ ದಿನ ನೀರು ಬಿಟ್ಟು ಬೇರೆಯವರ ಕೀಲಿ ಹೊತ್ತು ಓಡುವವನು ಆ ಕಣಿವೆಯಲ್ಲಿ ಹುಟ್ಟಿಲ್ಲ. ಸೆಲ್ಸೊ ಹೊಳೆ ಬಿಟ್ಟು ಕದಲುವ ಹಾಗಿಲ್ಲ. ಬೆಲಾರ್ಮಿನೊ ಓಡಿದ. ರಬ್ಬರ್ ಉಡುಪಿನೊಳಗೆ ನೀರು ಲೊಳಕ್ ಲೊಳಕ್ ಎನ್ನುತ್ತ, ಕೋಳಿಗಳನ್ನು ಚದುರಿಸುತ್ತ ಏರು ಹತ್ತಿದ. ಮೇಲಿನಿಂದ ಎತೆಲ್ವಿನಾ ಮರದ ಮೆಟ್ಟು ಟಕಟಕ ಎನಿಸುತ್ತ ಕೀಲಿಗಾಗಿ ಇಳಿದು ಬರುತ್ತಿದ್ದಳು. ಅರ್ಧ ದಾರಿಯಲ್ಲಿ, ಕಂಬದ ಮೇಲಿನ ಕಣಜದ ಕೆಳಗೆ ಇಬ್ಬರೂ ಎದುರಾದರು.

“ತಗೋ, ಹತ್ತು,” ಎಂದು ಬೆಲಾರ್ಮಿನೊ ಕೀಲಿ ಚಾಚಿದ. ಅವಳು ಹತ್ತಿದರೆ ಅವನು ಇಳಿದು ಹೋಗಿ ಕೇಳಬಹುದಿತ್ತು. ಅವನ ಕಣ್ಣು ಅದನ್ನು ಬೇಡುತ್ತಿತ್ತು.

ಎತೆಲ್ವಿನಾ ಕಂಬ ಹಿಡಿದು ಕೂತುಬಿಟ್ಟಿದ್ದಳು. “ಮಂಡಿ ಹೋಯ್ತು ಕಣೋ,” ಎಂದಳು ಮೆಲ್ಲಗೆ. “ಇಳಿಯೋಕಾಗತ್ತೆ, ಹತ್ತೋಕಾಗಲ್ಲ. ನೀನು ಹೋಗು. ಪೊಂಟೆದೊದವರು ಹೊಡೆದುಬಿಡ್ತಾರೆ. ನಾನು ಮೀನಿನ ಹತ್ರ ಇರ್ತೀನಿ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಬೆಲಾರ್ಮಿನೊ ಒಂದು ಸಲ ಕೆಳಗೆ ನೋಡಿದ, ಒಂದು ಸಲ ಮೇಲೆ ನೋಡಿದ, ಆಮೇಲೆ ಹತ್ತಿದ. ತನ್ನ ಮೀನಿಗೆ ತಾನೇ ಹಗ್ಗ ಹಿಡಿದು ಮೂರು ನಿಧಾನ ಎಳೆದ. ಓಟಕ್ಕೆ ಬರುವಾಗ ಕಣ್ಣಲ್ಲಿ ನೀರು ಬಂದು ಕಿಂಡಿಯ ಗೆರೆಯಷ್ಟು ಹೊಳೆಯೂ ಕಾಣಲಿಲ್ಲ. ತಲೆಯೊಳಗೆ ಗಡಿಗೆಗಳು ಒಡೆದವು. ಪೊಂಟೆದೊ ಗಂಟೆ ಆಮೇಲೆ ಹೊಡೆಯಿತಂತೆ, ಅವನಿಗೆ ಅದೂ ಕೇಳಲಿಲ್ಲ.

ಅವನು ಇಳಿದು ಬರುವ ಹೊತ್ತಿಗೆ ಹೋಟೆಲಿನವರು ವರ್ಷದ ರೂಢಿಯಂತೆ ಮೀನನ್ನು ಹರಾಜಿನಲ್ಲಿ ಕೊಂಡು ಒಯ್ದಿದ್ದರು. ಪತ್ರಿಕೆಯವರು ಫೋಟೋ ತೆಗೆದುಕೊಂಡು ಹೋಗಿದ್ದರು. (ಮರುದಿನ ಅಚ್ಚಾದ ಫೋಟೋದಲ್ಲಿ ಕಂಪಾನು ಹಿಡಿದು ನಿಂತಿದ್ದವಳು ಎತೆಲ್ವಿನಾ, ಏಪ್ರನ್‌ಗೆ ಆಲೂಗಡ್ಡೆಯ ಸಿಪ್ಪೆ ಅಂಟಿತ್ತು.) ಮನೆಯಲ್ಲಿ ಊಟಕ್ಕೆ ಫಬಾದಾ. ಬೆಲಾರ್ಮಿನೊ ಚಮಚದಿಂದ ಕಾಳುಗಳನ್ನು ಆಚೆ ಈಚೆ ಸರಿಸಿದ.

“ಕೆಳಗೆ ಹೇಗೆ ಕೇಳಿಸ್ತು?” ಎಂದು ಕೊನೆಗೆ ಕೇಳಿದ.

ಎತೆಲ್ವಿನಾ ಏನೋ ಹೇಳಿದಳು. ಅವನ ಕಿವಿ ಗುಂಯ್ ಎನ್ನುತ್ತಿತ್ತು.

“ಏನಂದೆ?”

“ಮೊದಲು ನೀರಿನ ಮೇಲಿಂದ ಬಂತು ಅಂದೆ,” ಎಂದು ಅವಳು ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿದಳು. “ಆಮೇಲೆ ಎದುರು ಗುಡ್ಡದಿಂದ ಇನ್ನೊಂದ್ಸಲ. ಯಾರೋ ನನ್ನನ್ನೇ ಕರೆದ ಹಾಗಾಯ್ತು. ನನಗೆ ಅಳು ಬಂತು, ಸೆಲ್ಸೊ ನೋಡಿದ, ನಾಚಿಕೆಗೇಡು.”

ಬೆಲಾರ್ಮಿನೊ ತಲೆಯಾಡಿಸಿದ. ಅದೇ, ಅದೇ ಗಂಟೆ. ಕೇಳಿದವರು ಮನೆಯವರೇ ಆದರಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ, ಎತೆಲ್ವಿನಾ ಕಿಟಕಿಯಾಚೆ ಹೊಳೆಯ ಕಡೆ ನೋಡುತ್ತ ಒಂದು ನಿಟ್ಟುಸಿರು ಬಿಟ್ಟಳು. ಆ ಮನೆಯಲ್ಲಿ ಅಂಥ ನಿಟ್ಟುಸಿರು ಬಿಡುತ್ತಿದ್ದವನು ಈವರೆಗೆ ಒಬ್ಬನೇ.

“ಮುಂದಿನ ವರ್ಷ ತೆರೆಯೋ ದಿನಕ್ಕೆ ನನ್ನ ಹೆಸರು ಕೊಡ್ತೀನಿ,” ಎಂದಳು.

“ನಿನಗೆ ಗಾಳ ಹಿಡಿಯೋಕೆ ಎಲ್ಲಿ ಬರತ್ತೆ?”

“ಕಲಿಸು. ಈ ವರ್ಷ ನಿನಗಿನ್ನೇನು ಕೆಲಸ? ನಿನ್ನ ಒಂದು ಮೀನು ಆಯ್ತಲ್ಲ.”

“ಆಮೇಲೆ ಗಂಟೆ ಯಾರು ಹೊಡೀತಾರೆ?”

ಎತೆಲ್ವಿನಾ ಅವನ ತಟ್ಟೆಗೆ ಇನ್ನೊಂದು ಸೌಟು ಕಾಳು ಬಡಿಸಿದಳು.

“ನೀನಿದ್ದೀಯಲ್ಲ,” ಎಂದಳು, ಬಹಳ ವರ್ಷಗಳ ನಂತರ ಅಷ್ಟು ಪ್ರೀತಿಯಿಂದ. “ಇವತ್ತು ಎಷ್ಟು ಚೆನ್ನಾಗಿ ಹೊಡೆದೆ, ನಿನಗೆ ಗೊತ್ತಿಲ್ಲ.”

ಬೆಲಾರ್ಮಿನೊ ಮೇಜಿನ ಮೇಲಿದ್ದ ಕೀಲಿಯನ್ನು ಎತ್ತಿಕೊಂಡು, ದಾರವನ್ನು ಕೊರಳಿಗೆ ಹಾಕಿ, ಅಂಗಿಯೊಳಗೆ ಇಳಿಬಿಟ್ಟುಕೊಂಡ.