ತುರ್ತು ಚಿಕಿತ್ಸೆಗೆ ಹತ್ತಕ್ಕೆ ಎಷ್ಟು?

ಏನನ್ನಾದರೂ ಅಳೆಯಲು ಹೊರಟರೆ ಅಳೆಯುವವನೇ ಮೊದಲು ನಗೆಪಾಟಲಾಗುತ್ತಾನೆ. ಮಳೆ ಕೈಕೊಟ್ಟು ಅರ್ಧ ಊರು ದುಡಿಯಲು ಹೊರಗೆ ಹೋಗಿದ್ದ ವರ್ಷಗಳಲ್ಲಿ, ಬೀದರಿನ ಒಂದು ದವಾಖಾನೆಯ ತುರ್ತು ವಿಭಾಗದ ಗುಣಮಟ್ಟ ಅಳೆಯುವುದು ನನ್ನ ಕೆಲಸ. ಅಂಕ ಕಡಿಮೆ ಬಂದರೆ ಅಲ್ಲಿನ ಗುತ್ತಿಗೆ ಸಿಸ್ಟರಿನ ನೌಕರಿ ಹೋಗುತ್ತದೆಂದು ಮೇಲಿನ ಕಚೇರಿ ತಿಳಿಸಿತ್ತು. ಸಿಸ್ಟರ್ ನನಗೆ ದಿನಾ ಎರಡು ಸಲ ಚಹಾ ಕೊಡುತ್ತಿದ್ದರು. ನಾನು ನಿಷ್ಪಕ್ಷಪಾತಿ, ಎರಡನ್ನೂ ಕುಡಿಯುತ್ತಿದ್ದೆ.

ಕಾದ ಹೊತ್ತು

ಭಾತಂಬ್ರಾದ ಆಯಿಯೊಬ್ಬಳು ಕೈ ಸುಟ್ಟುಕೊಂಡು ಬಂದಿದ್ದಳು. ಪಟ್ಟಿ ಕಟ್ಟಿಸಿಕೊಂಡು ಹೊರಬಂದಾಗ ಕೇಳಿದೆ:

“ಎಷ್ಟೊತ್ತು ಕಾದ್ರಿ ಆಯಿ?”

“ಎಲ್ಲಿ ಕಾಯಲಾಕ ಬಿಟ್ರಪಾ! ಊರಾಗ ಹನಿ ನೀರಿಲ್ಲ. ಇಲ್ಲಿ ತಣ್ಣನ ನೀರದ, ಪಂಖಾ ಅದ. ಜರಾ ಕೂಡಬೇಕು ಅನ್ನೋದ್ರಾಗ ಆ ಸಿಸ್ಟರ್ ಎಳಕೊಂಡು ಹೋಗಿ ಪಟ್ಟಿ ಕಟ್ಟೇಬಿಟ್ಳು!”

ದೂರಿನ ಕಾಲಮಿನಲ್ಲಿ ಬರೆದೆ: ‘ಕಾಯಿಸಲಿಲ್ಲ.’

ಮರಳಿ ಬಂದವರು

ಮೂರು ದಿನದೊಳಗೆ ರೋಗಿ ಮತ್ತೆ ಬಂದರೆ ಚಿಕಿತ್ಸೆ ಕೆಟ್ಟಿತ್ತೆಂದೇ ಲೆಕ್ಕ. ಚೇಳು ಕಡಿದು ಬಂದು ವಾಸಿಯಾಗಿ ಹೋದ ಕಮಠಾಣದ ಕಾಕಾ ಮರುದಿನವೇ ಪೇರಲ ಹಣ್ಣಿನ ಚೀಲ ಹಿಡಿದು ಉಪಕಾರ ಹೇಳಲು ಬಂದರು. ಸಿಸ್ಟರ್ ಬಾಗಿಲಿಗೆ ಅಡ್ಡ ನಿಂತರು.

“ಮೂರು ದಿನ ಬಿಟ್ಟು ಬರ್ರಿ ಕಾಕಾ!”

“ಹಣ್ಣು ಕೊಳೀತಾವಲ್ರಿ!”

“ಹಣ್ಣು ಕೊಳೀಲಿ, ನೌಕರಿ ಉಳೀಲಿ!”

ಚೀಲವನ್ನು ಮಾತ್ರ ಕಿಟಕಿಯಿಂದ ಒಳಗೆ ತೆಗೆದುಕೊಂಡೆವು. ಫಾರಮಿನಲ್ಲಿ ಪೇರಲಕ್ಕೆ ಕಾಲಂ ಇರಲಿಲ್ಲ.

ಆಣೆವಾರಿ

ಕೊನೆಯ ದಿನ, ಕಬ್ಬು ಕಡಿಯಲು ಹೊರಟಿದ್ದ ಡಾಬಕಾದವರ ಟೆಂಪೊ ಪಲ್ಟಿಯಾಯಿತು. ತರಚು ಗಾಯಗಳೇ, ಆದರೆ ಬೆಂಚು ತುಂಬ ಜನ. ಸಿಸ್ಟರ್ ಒಬ್ಬರೇ ಎಲ್ಲರಿಗೂ ಮದ್ದು ಹಚ್ಚಿದರು. ನಾನು ಅವರೊಳಗಿನ ಹಿರಿಯರನ್ನು ಕೇಳಿದೆ:

“ಹತ್ತಕ್ಕೆ ಎಷ್ಟು ಕೊಡ್ತೀರಿ?”

“ದೇವರಂಥಾಕಿ. ಎರಡು ಬರಕೋರಿ.”

ಬೆಂಚಿನುದ್ದಕ್ಕೂ ಅದೇ: ಎರಡು, ಎರಡು, ಒಂದು. ಸಿಸ್ಟರ್ ಮುಖ ಸುಣ್ಣವಾಯಿತು.

“ಯಾಕ್ರಿ ಹಿಂಗ?” ಎಂದೆ.

ಹಿರಿಯರು ನನ್ನ ಕಿವಿಯಲ್ಲಿ ಹೇಳಿದರು: “ಬೆಳಿ ಎಷ್ಟಾಣಿ ಬಂದದ ಅಂತ ಬರಕೊಳ್ಳಾಕ ಸಾಹೇಬ್ರು ಬರ್ತಾರಲ್ರಿ, ಪೂರಾ ಹದಿನಾರಾಣಿ ಅಂತೀವೇನು? ಕಡಿಮಿ ಬರಸಿದ್ರೇ ಪರಿಹಾರ. ಪಾಪ, ಈ ಸಿಸ್ಟರಿಗೂ ಏನಾರ ಸಿಗಲಿ.”

“ಅಯ್ಯೋ, ಇಲ್ಲಿ ಕಡಿಮಿ ಬಂದ್ರ ಆಕಿ ನೌಕರಿ ಹೋಗ್ತದ್ರಿ!”

ಅವರು ಬೆಂಚಿನ ಕಡೆ ತಿರುಗಿ ಗುಡುಗಿದರು: “ಏಯ್, ಇದು ಆಣೆವಾರಿ ಅಲ್ರೋ! ಎಲ್ಲಾರೂ ಹದಿನಾರು ಹೇಳ್ರಿ!”

“ಹತ್ತಕ್ಕ ಹದಿನಾರು ಹ್ಯಾಂಗ್ರಿ?” ಎಂದೆ.

“ಹದಿನಾರಾಣಿ ಕೂಡಿದ್ರೇ ರೂಪಾಯಿ. ಹತ್ತಾಣಿಗೆ ಎಂದಾರ ರೂಪಾಯಿ ಆಗ್ಯಾದೇನ್ರಿ?”

ರೋಗಿ ಹೇಳಿದ್ದನ್ನೇ ಬರೆಯಬೇಕೆಂಬುದು ನಿಯಮ. ಬರೆದೆ. ಹಿಂದಿನ ದಿನಗಳ ರೋಗಿಗಳ ಅಂಕವೂ ಸೇರಿ ಸರಾಸರಿ ಹತ್ತಕ್ಕೆ ಹದಿಮೂರು ಬಂತು. ಸಿಸ್ಟರ್ ನೌಕರಿ ಉಳಿಯಿತು. ಲೆಕ್ಕ ಬರುವುದಿಲ್ಲವೆಂದು ನನ್ನದು ಹೋಯಿತು.